ಥಾಮಸ್ ಆಲ್ವ ಎಡಿಸನ್ ಮತ್ತು ಅವನ ತಾಯಿ

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ತಿಳಿಯುತ್ತದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಸುಳ್ಳಲ್ಲ, ಆದರೆ ಮೊಳಕೆಯನ್ನು ನೋಡುವ ಕಣ್ಣು ಯಾರದೆಂಬುದನ್ನು ಆ ಗಾದೆ ಹೇಳುವುದಿಲ್ಲ. ಒಂದೇ ಮೊಳಕೆಯು ಒಬ್ಬರ ಕಣ್ಣಿಗೆ ಪೈರಾಗಿಯೂ ಇನ್ನೊಬ್ಬರ ಕಣ್ಣಿಗೆ ಕಳೆಯಾಗಿಯೂ ಕಾಣಬಹುದು. ಒಂದೆಡೆ ಕುಳಿತುಕೊಳ್ಳದ, ಹೇಳಿದ್ದನ್ನು ಕೇಳಿಸಿಕೊಳ್ಳದ, ಕೇಳಬಾರದ್ದನ್ನು ಕೇಳುವ ಮಗುವೊಂದು ಮನೆಯಲ್ಲಿದ್ದರೆ, ಅದೇಕೆ ಹಾಗೆಂಬುದಕ್ಕೆ ಅಕ್ಕಪಕ್ಕದ ಹತ್ತು ಮಂದಿ ಹತ್ತು ಕಾರಣ ಹೇಳುತ್ತಾರೆ. ಅವುಗಳಲ್ಲಿ ತಾಯಿ ಒಪ್ಪಿಕೊಂಡ ಕಾರಣವೇ ಬಹುಮಟ್ಟಿಗೆ ಮಗು ತನ್ನ ವಿಷಯದಲ್ಲಿ ನಂಬುವ ಕಾರಣವೂ ಆಗುತ್ತದೆ. ಧ್ವನಿಯನ್ನು ಯಂತ್ರದಲ್ಲಿ ಹಿಡಿದಿಟ್ಟು, ವಿದ್ಯುದ್ದೀಪವನ್ನು ಮನೆಮನೆಗೂ ತಂದ ಥಾಮಸ್ ಆಲ್ವ ಎಡಿಸನ್ನನ ಜೀವನವನ್ನು ಈ ಕಡೆಯಿಂದ ನೋಡಿದರೆ, ಅವನ 1,093 ಅಮೆರಿಕನ್ ಪೇಟೆಂಟುಗಳು ಹೇಳದ ಸಂಗತಿಯೊಂದು ತಿಳಿದುಬರುತ್ತದೆ.

ಮೈಲನ್ ಊರಿನ ಹುಡುಗ

ಎಡಿಸನ್ನನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಒಹಾಯೊ ಪ್ರಾಂತದ ಮೈಲನ್ ಎಂಬ ಸಣ್ಣ ಊರಿನಲ್ಲಿ 1847ನೆಯ ಇಸವಿ ಫೆಬ್ರವರಿ 11ರಂದು ಹುಟ್ಟಿದನು. ತಂದೆ ಸ್ಯಾಮ್ಯುಅಲ್ ಎಡಿಸನ್ ಕೆನಡಾ ದೇಶದವನು. 1837ರಲ್ಲಿ ಅಲ್ಲಿ ಎದ್ದ ದಂಗೆಯಲ್ಲಿ ಸೇರಿ, ಅದು ಮುರಿದುಬಿದ್ದಾಗ ತಲೆ ಉಳಿಸಿಕೊಳ್ಳಲು ಗಡಿ ದಾಟಿ ಓಡಿಬಂದವನು. ಒಂದು ಕಸುಬಿನಲ್ಲಿ ನಿಲ್ಲುವ ಸ್ವಭಾವ ಅವನದಲ್ಲ. ತಾಯಿ ನ್ಯಾನ್ಸಿ ಎಲಿಯಟ್ ಮದುವೆಗೆ ಮುನ್ನ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಈ ದಂಪತಿಗಳ ಏಳು ಮಕ್ಕಳಲ್ಲಿ ಎಡಿಸನ್ನನೇ ಕೊನೆಯವನು. ಅವನ ಮುಂಚಿನವರಲ್ಲಿ ಮೂವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಉಳಿದ ಅಣ್ಣ, ಅಕ್ಕಂದಿರು ವಯಸ್ಸಿನಲ್ಲಿ ಬಹಳ ದೊಡ್ಡವರು. ಮೂವತ್ತಾರು ದಾಟಿದ ಮೇಲೆ ಹೆತ್ತ ಈ ಮಗನ ಮೇಲೆ, ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿಯ ಕಣ್ಣು ಸದಾ ಇದ್ದುದರಲ್ಲಿ ಸೋಜಿಗವಿಲ್ಲ. ಮನೆಯಲ್ಲಿ ಅವನನ್ನು ಆಲ್ ಎಂದು ಕರೆಯುತ್ತಿದ್ದರು.

ಆಲ್‌ನ ಎಳೆತನದ ಕಥೆಗಳೆಲ್ಲ ತಂಟೆಯ ಕಥೆಗಳೇ. ಹೆಬ್ಬಾತು ಕಾವು ಕೊಟ್ಟು ಮರಿ ಮಾಡುವುದನ್ನು ಕಂಡು, ತಾನೂ ಮೊಟ್ಟೆಗಳ ಮೇಲೆ ಕುಳಿತು ಮರಿ ಮಾಡಲು ನೋಡಿದನಂತೆ. ಬೆಂಕಿ ಏನು ಮಾಡುತ್ತದೆಂದು ತಿಳಿಯಲು ಕೊಟ್ಟಿಗೆಯಲ್ಲಿ ಉರಿ ಹಚ್ಚಿದನು. ಕೊಟ್ಟಿಗೆ ಪೂರ್ತಿ ಸುಟ್ಟುಹೋಯಿತು. ತಂದೆ ಅವನನ್ನು ಊರಿನ ಚೌಕಕ್ಕೆ ಎಳೆದೊಯ್ದು, ಹತ್ತು ಜನರ ಮುಂದೆ ಚಡಿಯೇಟು ಕೊಟ್ಟನು. ಇವುಗಳನ್ನು ಕೇಳಿ ನಗಬಹುದು. ಆದರೆ ನಗಲಾಗದ ಪ್ರಸಂಗವೂ ಒಂದುಂಟು. ಐದಾರು ವರ್ಷದವನಾಗಿದ್ದಾಗ ಆಲ್ ಜೊತೆಗಾರನೊಬ್ಬನೊಡನೆ ಊರಾಚೆಯ ಹೊಳೆಗೆ ಹೋದನು. ನೀರಿಗಿಳಿದ ಆ ಹುಡುಗ ಮೇಲೇಳಲಿಲ್ಲ. ಆಲ್ ಕತ್ತಲಾಗುವವರೆಗೆ ಕಾದು, ಮನೆಗೆ ಬಂದು, ಏನನ್ನೂ ಹೇಳದೆ ಮಲಗಿದನು. ರಾತ್ರಿ ಜನ ಹುಡುಕುತ್ತ ಬಂದು ಎಬ್ಬಿಸಿ ಕೇಳಿದಾಗಲೇ ನಡೆದುದನ್ನು ಹೇಳಿದ್ದು. ಮುಂದೆ ಬೆಳೆದು ದೊಡ್ಡವನಾದ ಮೇಲೂ ಅವನು ಇದನ್ನು ಮರೆಯಲಿಲ್ಲ. ತನ್ನ ನೆನಪುಗಳಲ್ಲಿ ತಾನಾಗಿಯೇ ಬರೆದಿಟ್ಟನು.

ಆ ಮಗು ಏಕೆ ಸುಮ್ಮನಿತ್ತು? ಕಲ್ಲೆದೆಯೆ, ಭಯವೆ, ನಡೆದುದರ ಅರ್ಥವಾಗದ ಎಳೆತನವೆ? ನೋಡುವವನು ಯಾವ ಉತ್ತರವನ್ನು ಆರಿಸುತ್ತಾನೆಯೋ ಅದಕ್ಕೆ ತಕ್ಕ ಮಗು ಅವನ ಕಣ್ಣೆದುರಿಗೆ ನಿಲ್ಲುತ್ತದೆ. ತಂದೆ ಸ್ಯಾಮ್ಯುಅಲ್‌ನಿಗೆ ಈ ಮಗ ತಿಳಿವಳಿಕೆಯಿಲ್ಲದ ದಡ್ಡನಂತೆ ತೋರುತ್ತಿದ್ದನು. ಎಡಿಸನ್ನನೇ ಮುಂದೆ ಈ ಮಾತನ್ನು ಹೇಳಿಕೊಂಡಿದ್ದಾನೆ.

ಶಾಲೆಯ ಮೂರು ತಿಂಗಳು

1854ರಲ್ಲಿ ಎಡಿಸನ್ ಕುಟುಂಬ ಮಿಶಿಗನ್ ಪ್ರಾಂತದ ಪೋರ್ಟ್ ಹ್ಯೂರನ್ ಪಟ್ಟಣಕ್ಕೆ ಹೋಗಿ ನೆಲಸಿತು. ಅಲ್ಲಿ ಎಂಗಲ್ ಎಂಬ ಪಾದ್ರಿಯೂ ಅವನ ಹೆಂಡತಿಯೂ ನಡೆಸುತ್ತಿದ್ದ ಪುಟ್ಟ ಶಾಲೆಗೆ ಆಲ್‌ನನ್ನು ಹಾಕಿದರು. ಬಾಯಿಪಾಠ ಆ ಕಾಲದ ವಿದ್ಯೆ. ಬೆತ್ತ ಅದರ ಬೆನ್ನುಗಾವಲು. ಹುಡುಗನೋ ಪಾಠದ ನಡುವೆ ಎತ್ತಲೋ ನೋಡುವನು, ಹಾಳೆಯ ಮೇಲೆ ಏನನ್ನೋ ಗೀಚುವನು, ಒಪ್ಪಿಸಬೇಕಾದುದನ್ನು ಒಪ್ಪಿಸದೆ ಪ್ರಶ್ನೆ ಹಾಕುವನು. ಒಂದು ದಿನ ಉಪಾಧ್ಯಾಯನು ಶಾಲೆ ನೋಡಲು ಬಂದ ತನಿಖೆಯವನೊಡನೆ ಮಾತನಾಡುತ್ತ, ಈ ಹುಡುಗನ ತಲೆ ಕದಡಿದೆಯೆಂದು ಹೇಳಿದುದು ಆಲ್‌ನ ಕಿವಿಗೆ ಬಿತ್ತು. ಮರಿಯಾಗದೆ ಕೊಳೆತುಹೋದ ಮೊಟ್ಟೆಗೆ ಇಂಗ್ಲಿಷಿನಲ್ಲಿ ಯಾವ ಮಾತನ್ನು ಬಳಸುತ್ತಾರೆಯೋ ಅದೇ ಮಾತು ಅದು. ಮೊಟ್ಟೆಗಳ ಮೇಲೆ ಕುಳಿತು ಮರಿ ಮಾಡಹೋಗಿದ್ದ ಹುಡುಗನಿಗೆ ಆ ಮಾತಿನ ಚುಚ್ಚು ಚೆನ್ನಾಗಿಯೇ ತಾಗಿರಬೇಕು. ಅಳುತ್ತ ಮನೆಗೆ ಬಂದು ತಾಯಿಗೆ ತಿಳಿಸಿದನು.

ನ್ಯಾನ್ಸಿ ಮಗನ ಕೈ ಹಿಡಿದು ಶಾಲೆಗೆ ನಡೆದಳು. ಉಪಾಧ್ಯಾಯನ ತಲೆಯಲ್ಲಿರುವುದಕ್ಕಿಂತ ಹೆಚ್ಚಿನ ಬುದ್ಧಿ ತನ್ನ ಮಗನ ತಲೆಯಲ್ಲಿದೆಯೆಂದು ಅವನ ಮುಖದೆದುರಿಗೇ ಹೇಳಿ, ಹುಡುಗನನ್ನು ಬಿಡಿಸಿಕೊಂಡು ಬಂದಳು. ಅಲ್ಲಿಗೆ ಆ ಶಾಲೆಯ ವ್ಯಾಸಂಗ ಸುಮಾರು ಮೂರೇ ತಿಂಗಳಿಗೆ ಮುಗಿಯಿತು. ಆಮೇಲೆ ಬೇರೊಂದು ಶಾಲೆಗೆ ಸ್ವಲ್ಪ ಕಾಲ ಹೋದನಾದರೂ, ಅವನ ನಿಜವಾದ ಶಾಲೆ ತಾಯಿಯ ಮಗ್ಗುಲೇ ಆಯಿತು.

ಈ ಪ್ರಸಂಗವನ್ನು ನಾವು ತಿಳಿದಿರುವುದು ಎಡಿಸನ್ನನ ಬಾಯಿಂದಲೇ, ಅದೂ ಹಲವು ದಶಕಗಳ ಮೇಲೆ. ಹುಡುಗನನ್ನು ಶಾಲೆಯಿಂದ ಬಿಡಿಸಲು ಮನೆಯ ಹಣಕಾಸಿನ ಅಡಚಣೆಯೂ ಕಾರಣವಾಗಿದ್ದಿರಬಹುದೆಂದು ಚರಿತ್ರಕಾರರು ಊಹಿಸುತ್ತಾರೆ. ಇರಲಿ. ಇದರ ಮೇಲೆ ಇತ್ತೀಚೆಗೆ ಬೆಳೆದಿರುವ ಕಟ್ಟುಕಥೆಯೊಂದನ್ನು ಮಾತ್ರ ಇಲ್ಲಿಯೇ ಕಳೆದುಬಿಡಬೇಕು. ಉಪಾಧ್ಯಾಯನು ಮಗನ ಕೈಯಲ್ಲಿ ತಾಯಿಗೆ ಪತ್ರವೊಂದನ್ನು ಕಳುಹಿಸಿದನೆಂದೂ, ಮಗ ಮಂದಬುದ್ಧಿಯವನೆಂದು ಬರೆದಿದ್ದ ಅದನ್ನು ತಾಯಿ ಮಗ ಮಹಾಮೇಧಾವಿಯೆಂದು ತಿರುಚಿ ಓದಿದಳೆಂದೂ, ಆಕೆ ಸತ್ತ ಮೇಲೆ ಆ ಪತ್ರ ಎಡಿಸನ್ನನ ಕೈಗೆ ಸಿಕ್ಕಿತೆಂದೂ ಶಾಲೆಗಳಲ್ಲಿ, ಸಭೆಗಳಲ್ಲಿ ಹೇಳುವುದುಂಟು. ಇದಕ್ಕೆ ಯಾವ ಆಧಾರವೂ ಇಲ್ಲ. ಹುಡುಗ ನಿಂದೆಯನ್ನು ತನ್ನ ಕಿವಿಯಿಂದಲೇ ಕೇಳಿದ್ದನು. ಅವನಿಂದ ಬಚ್ಚಿಡಬೇಕಾದುದು ಏನೂ ಇರಲಿಲ್ಲ. ತಾಯಿ ಮಗನಿಗೆ ಸುಳ್ಳು ಹೇಳಲಿಲ್ಲ. ಅವಳು ಮಾಡಿದುದು ಅದಕ್ಕಿಂತ ಕಷ್ಟದ ಕೆಲಸ.

ಮನೆಯೇ ಮಠ

ದಿನವೂ ಮನೆಗೆಲಸ ಮುಗಿಸಿ ಆಕೆ ಮಗನನ್ನು ಎದುರಿಗೆ ಕೂರಿಸಿಕೊಂಡು ಓದಿಸತೊಡಗಿದಳು. ಮಕ್ಕಳ ಪುಸ್ತಕಗಳನ್ನಲ್ಲ, ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಇತಿಹಾಸ, ಹ್ಯೂಮ್ ಬರೆದ ಇಂಗ್ಲೆಂಡಿನ ಇತಿಹಾಸ ಮೊದಲಾದ ಘನವಾದ ಗ್ರಂಥಗಳನ್ನು. ಒಂಬತ್ತು ಹತ್ತರ ವಯಸ್ಸಿನಲ್ಲಿ ಪಾರ್ಕರ್ ಎಂಬಾತನು ಬರೆದ ಪ್ರಕೃತಿವಿಜ್ಞಾನದ ಪಠ್ಯಪುಸ್ತಕ ಅವನ ಕೈಗೆ ಬಂತು. ಅದರಲ್ಲಿದ್ದ ಪ್ರಯೋಗಗಳನ್ನು ಹುಡುಗ ಓದಿ ಬಿಡಲಿಲ್ಲ. ಒಂದೊಂದನ್ನೂ ಮಾಡಿ ನೋಡಿದನು. ಶಾಲೆಯಲ್ಲಿ ಎತ್ತಲೋ ನೋಡುತ್ತಿದ್ದ ಅದೇ ಕಣ್ಣು ಇಲ್ಲಿ ಗಂಟೆಗಟ್ಟಲೆ ಒಂದೇ ಸೀಸೆಯ ಮೇಲೆ ನಿಂತಿತು. ಕಾಸಿಗೆ ಕಾಸು ಕೂಡಿಸಿ ರಾಸಾಯನಿಕಗಳನ್ನು ಕೊಂಡುತಂದನು. ಮಲಗುವ ಕೋಣೆ ಕೊಳಕಾಗುತ್ತದೆಂದು ತಾಯಿ ಗದರಿಸಿದಾಗ ಸಾಮಾನೆಲ್ಲ ನೆಲಮಾಳಿಗೆಗೆ ಇಳಿಯಿತು. ಬೇರೆಯವರು ಮುಟ್ಟದಿರಲೆಂದು ಸುಮಾರು ಇನ್ನೂರು ಸೀಸೆಗಳಿಗೂ ವಿಷವೆಂಬ ಚೀಟಿ ಅಂಟಿಸಿದನು.

ನ್ಯಾನ್ಸಿ ಮಗನ ತಪ್ಪನ್ನೆಲ್ಲ ಮುದ್ದಿನಿಂದ ಮುಚ್ಚಿದವಳೆಂದು ಯಾರೂ ತಿಳಿಯಬಾರದು. ಮನೆಯ ಗೋಡೆ ಗಡಿಯಾರದ ಹಿಂದೆ ಆಕೆ ಒಂದು ಬರಲನ್ನು ಇಟ್ಟಿದ್ದಳು. ಬಳಸಿ ಬಳಸಿ ಅದರ ತೊಗಟೆಯೆಲ್ಲ ಸವೆದುಹೋಗಿತ್ತೆಂದು ಎಡಿಸನ್ನನೇ ನೆನೆಯುತ್ತಿದ್ದನು. ಮನೆಯಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನಿಗೆ ನೊರೆ ಬರುವ ಔಷಧದ ಪುಡಿಯನ್ನು ಬೊಗಸೆಗಟ್ಟಲೆ ಕುಡಿಸಿ, ಹೊಟ್ಟೆಯಲ್ಲಿ ಅನಿಲ ತುಂಬಿ ಅವನು ಗಾಳಿಯಲ್ಲಿ ತೇಲುತ್ತಾನೆಯೋ ಎಂದು ನೋಡಿದ ದಿನ ಆ ಬರಲು ಹೊರಬಂತು. ಹುಡುಗ ತೇಲಲಿಲ್ಲ, ಹೊಟ್ಟೆನೋವಿನಿಂದ ಹೊರಳಾಡಿದನು. ಆಲ್‌ಗೆ ಏಟು ಬಿತ್ತು. ಆದರೆ ನೆಲಮಾಳಿಗೆಯ ಸೀಸೆಗಳು ಮಾತ್ರ ಇದ್ದಲ್ಲಿಯೇ ಉಳಿದವು. ಮಾಡಿದ ಕೇಡಿಗೆ ಶಿಕ್ಷೆ. ಅದರ ಬೆನ್ನಿಗಿದ್ದ ಕುತೂಹಲಕ್ಕೆ ಶಿಕ್ಷೆಯಿಲ್ಲ. ಇವೆರಡನ್ನೂ ಆಕೆ ಬೇರೆಬೇರೆಯಾಗಿ ಕಾಣಬಲ್ಲವಳಾಗಿದ್ದಳು. ಮಕ್ಕಳನ್ನು ಬೆಳೆಸುವವರಿಗೆ ಇದಕ್ಕಿಂತ ದೊಡ್ಡ ವಿವೇಕ ಬೇಕಿಲ್ಲ.

ನಮ್ಮ ಕನ್ನಡದಲ್ಲಿ ಒಲ್ಲ, ಆರ ಎಂಬ ಎರಡು ಚಿಕ್ಕ ಮಾತುಗಳಿವೆ. ಮಾಡಲೊಲ್ಲ ಎಂದರೆ ಬೇಕೆಂದೇ ಮಾಡನು. ಮಾಡಲಾರ ಎಂದರೆ ಅವನಿಂದ ಆಗದು. ಪಾಠ ಒಪ್ಪಿಸದ ಹುಡುಗನನ್ನು ಕಂಡಾಗ ಜಗತ್ತು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನು ಹೇಳಿ ಮುಗಿಸುತ್ತದೆ. ಒಲ್ಲನೆಂದವರು ಬೆತ್ತ ಹಿಡಿಯುತ್ತಾರೆ. ಆರನೆಂದವರು ಕೈ ಬಿಡುತ್ತಾರೆ. ತಂದೆ ಕೊಟ್ಟಿಗೆಯ ಬೆಂಕಿಯನ್ನು ಮೊದಲನೆಯ ಬಗೆಯಲ್ಲಿ ಅರ್ಥ ಮಾಡಿದನು. ಉಪಾಧ್ಯಾಯನು ಪಾಠದ ಮರೆವನ್ನು ಎರಡನೆಯ ಬಗೆಯಲ್ಲಿ. ತಾಯಿ ಮೂರನೆಯ ದಾರಿ ಹಿಡಿದಳು: ಇವನು ಒಲ್ಲನೂ ಅಲ್ಲ, ಆರನೂ ಅಲ್ಲ, ಹೀಗೆ ಕೊಟ್ಟರೆ ಒಲ್ಲ, ಹಾಗೆ ಕೊಟ್ಟರೆ ಬಲ್ಲ. ಹೇಗೆ ಕೊಡಬೇಕೆಂಬುದನ್ನು ಕಂಡುಹಿಡಿಯುವ ಹೊಣೆ ಆಗ ಹಿರಿಯರ ಮೇಲೆ ಬೀಳುತ್ತದೆ. ನ್ಯಾನ್ಸಿ ಆ ಹೊಣೆಯನ್ನು ಹೊತ್ತಳು.

ರೈಲೂ ತಂತಿಯೂ

1859ರಲ್ಲಿ, ಹನ್ನೆರಡು ವರ್ಷದ ಆಲ್ ಪೋರ್ಟ್ ಹ್ಯೂರನ್‌ಗೂ ಡಿಟ್ರಾಯಿಟ್‌ಗೂ ನಡುವೆ ಓಡಾಡುವ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರುವ ಕೆಲಸಕ್ಕೆ ಸೇರಿದನು. ಸಾಮಾನಿನ ಡಬ್ಬಿಯ ಮೂಲೆಯಲ್ಲಿ ತನ್ನ ಸೀಸೆಗಳನ್ನು ಜೋಡಿಸಿದನು. 1862ರಲ್ಲಿ ಸಣ್ಣ ಮುದ್ರಣಯಂತ್ರವೊಂದನ್ನು ತಂದಿಟ್ಟು, ಓಡುವ ರೈಲಿನಲ್ಲಿಯೇ ವೀಕ್ಲಿ ಹೆರಾಲ್ಡ್ ಎಂಬ ವಾರಪತ್ರಿಕೆಯನ್ನು ಅಚ್ಚು ಹಾಕಿ ಮಾರಿದನು. ಆ ವರ್ಷದ ಏಪ್ರಿಲಿನಲ್ಲಿ ಶೈಲೋ ಎಂಬಲ್ಲಿ ಅಂತರ್ಯುದ್ಧದ ಘೋರ ಕಾಳಗ ನಡೆದಾಗ, ಮುಂದಿನ ನಿಲ್ದಾಣಗಳಿಗೆ ಸುದ್ದಿಯ ಸುಳಿವನ್ನು ತಂತಿಯಲ್ಲಿ ಮೊದಲೇ ಕಳುಹಿಸಿ, ಸಾವಿರಕ್ಕೂ ಮಿಕ್ಕ ಪ್ರತಿಗಳನ್ನು ಏರಿಸಿದ ಬೆಲೆಗೆ ಮಾರಿದನು. ತಂತಿಯ ಶಕ್ತಿ ಏನೆಂಬುದು ಅವನಿಗೆ ಅಂದು ಮನದಟ್ಟಾಯಿತು. ಕೊನೆಗೊಂದು ದಿನ ರಾಸಾಯನಿಕ ಚೆಲ್ಲಿ ಡಬ್ಬಿಗೆ ಬೆಂಕಿ ತಗುಲಿತು. ರೈಲಿನ ಅಧಿಕಾರಿ ಹುಡುಗನನ್ನೂ ಅವನ ಸರಂಜಾಮನ್ನೂ ನಿಲ್ದಾಣದಲ್ಲಿ ಹೊರಕ್ಕೆ ಎಸೆದನು.

ಸುಮಾರು ಈ ಕಾಲಕ್ಕೆ ಅವನ ಕಿವಿ ಮಂದವಾಗಿತ್ತು. ಅದಕ್ಕೆ ಕಾರಣವೇನು? ಸಿಟ್ಟಿಗೆದ್ದವನೊಬ್ಬನು ಕಪಾಳಕ್ಕೆ ಹೊಡೆದುದೆಂದು ಒಂದು ಕಥೆ. ಓಡುವ ರೈಲನ್ನು ಹಿಡಿಯುತ್ತಿದ್ದಾಗ ಯಾರೋ ಕಿವಿ ಹಿಡಿದು ಮೇಲೆತ್ತಿದುದೆಂದು ಇನ್ನೊಂದು. ಎಳೆತನದಲ್ಲಿ ಬಂದ ಜ್ವರವೂ ಮತ್ತೆ ಮತ್ತೆ ಕಾಡಿದ ಕಿವಿಯ ಸೋಂಕೂ ಕಾರಣವೆಂದು ಮೂರನೆಯದು. ವೈದ್ಯರು ಹೆಚ್ಚು ನಂಬುವುದು ಈ ಮೂರನೆಯದನ್ನೇ. ಹಾಗಾದರೆ ಎಂಗಲ್‌ನ ಶಾಲೆಯಲ್ಲಿ ಪಾಠಕ್ಕೆ ಕಿವಿಗೊಡದ ಹುಡುಗನಿಗೆ ಅರ್ಧ ಪಾಠ ಕೇಳಿಸಿಯೇ ಇರಲಿಲ್ಲವೋ ಏನೋ! ಕದಡಿದ ತಲೆಯೆಂದು ಕರೆದುದು ಕೇಳದ ಕಿವಿಯನ್ನೇ ಇರಬಹುದು. ಮಗುವಿನ ನಡತೆಗೆ ಹೆಸರು ಕೊಡುವ ಮುನ್ನ ಎಷ್ಟು ಕಡೆ ನೋಡಬೇಕೆಂಬುದಕ್ಕೆ ಇದೊಂದು ನಿದರ್ಶನ. ಎಡಿಸನ್ನನಂತೂ ತನ್ನ ಕಿವುಡನ್ನು ಕೊರತೆಯೆಂದು ಬಗೆಯಲಿಲ್ಲ. ಲೋಕದ ಹರಟೆಯಿಂದ ತನ್ನನ್ನು ಕಾಪಾಡುವ ಗೋಡೆಯೆಂದೇ ಹೇಳಿಕೊಂಡನು. ಕೊರತೆಯನ್ನು ಬಲವೆಂದು ವಿವರಿಸುವ ಈ ವಿದ್ಯೆ ಅವನಿಗೆ ತಾಯಿಯಿಂದ ಬಂದುದು.

1862ರಲ್ಲಿ ಮೌಂಟ್ ಕ್ಲೆಮೆನ್ಸ್ ನಿಲ್ದಾಣದ ಅಧಿಕಾರಿ ಮೆಕೆಂಜಿಯ ಪುಟ್ಟ ಮಗನನ್ನು ಉರುಳಿ ಬರುತ್ತಿದ್ದ ಸರಕಿನ ಡಬ್ಬಿಯಿಂದ ಆಲ್ ಪಾರುಮಾಡಿದನು. ಕೃತಜ್ಞನಾದ ತಂದೆ ಅವನಿಗೆ ತಂತಿಯ ವಿದ್ಯೆಯನ್ನು ಕಲಿಸಿದನು. ಮುಂದಿನ ಐದಾರು ವರ್ಷ ಅವನು ಊರಿಂದೂರಿಗೆ ಅಲೆಯುವ ತಂತಿ ಗುಮಾಸ್ತ. ಕೆನಡಾದ ಸ್ಟ್ರ್ಯಾಟ್‌ಫರ್ಡ್‌ನಲ್ಲಿ, ರಾತ್ರಿ ಪಾಳಿಯವನು ಎಚ್ಚರವಾಗಿದ್ದಾನೆಂದು ತೋರಿಸಲು ಗಂಟೆಗೊಮ್ಮೆ ಸಂಕೇತ ಕಳುಹಿಸಬೇಕಾಗಿದ್ದಿತು. ಎಡಿಸನ್ನನು ಗಡಿಯಾರಕ್ಕೆ ಚಕ್ರವೊಂದನ್ನು ಜೋಡಿಸಿ, ಅದೇ ಸಂಕೇತ ಕಳುಹಿಸುವಂತೆ ಮಾಡಿ, ತಾನು ನಿದ್ದೆ ಹೋದನು. ಅಲ್ಲಿಯೇ ಮುಂದೆ ನಿಲ್ಲಿಸಬೇಕಾಗಿದ್ದ ರೈಲೊಂದನ್ನು ನಿಲ್ಲಿಸಲಾಗದೆ, ಎರಡು ರೈಲುಗಳು ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ವಿಚಾರಣೆಗೆ ಕರೆಸಿದಾಗ ಕಣ್ಣು ತಪ್ಪಿಸಿ ಊರಿಗೆ ಓಡಿಬಂದನು. ಲೂಯಿವಿಲ್‌ನಲ್ಲಿ ರಾತ್ರಿ ಪ್ರಯೋಗ ಮಾಡುತ್ತಿದ್ದಾಗ ಗಂಧಕಾಮ್ಲ ಚೆಲ್ಲಿ, ಹಲಗೆಯ ನೆಲದ ಮೂಲಕ ಕೆಳಗಿನ ಕೋಣೆಗೆ ಸೋರಿ, ಮೇಲಧಿಕಾರಿಯ ಮೇಜನ್ನೂ ಜಮಖಾನವನ್ನೂ ಸುಟ್ಟಿತು. ಮರುದಿನ ಕೆಲಸ ಹೋಯಿತು.

ಇವೆಲ್ಲ ಬೇಜವಾಬ್ದಾರಿಯ ಕೆಲಸಗಳೇ. ಸ್ಟ್ರ್ಯಾಟ್‌ಫರ್ಡ್‌ನ ತಪ್ಪಿಗೆ ಜನ ಸಾಯಬಹುದಾಗಿತ್ತು. ಎಡಿಸನ್ನನು ಮುಂದೆ ಇವನ್ನು ಹೇಳುತ್ತಿದ್ದುದು ಮಾತ್ರ ನಗುನಗುತ್ತ, ವಿನೋದದ ಕಥೆಗಳಂತೆ. ತನ್ನ ತಪ್ಪು ತನ್ನ ಯೋಗ್ಯತೆಯ ಕೊರತೆಯಿಂದಾದುದೆಂದು ಅವನಿಗೆ ಎಂದೂ ತೋರಲಿಲ್ಲ. ಮನಸ್ಸು ಬೇರೆಡೆ ಇದ್ದಿತು, ಅಷ್ಟೇ. ಹುಡುಗನಾಗಿದ್ದಾಗ ಪಡೆದ ವಿವರಣೆ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂಬುದನ್ನು ಇದು ತೋರಿಸುತ್ತದೆ. ಅದರಿಂದ ಬಂದ ಬಲವೂ ಇದರಲ್ಲಿದೆ, ಕುರುಡೂ ಇದರಲ್ಲಿದೆ.

1868ರಲ್ಲಿ ಬಾಸ್ಟನ್ ಸೇರಿ ಫ್ಯಾರಡೆಯ ವಿದ್ಯುತ್ ಸಂಶೋಧನೆಗಳ ಗ್ರಂಥವನ್ನು ಓದಿದುದು ಅವನ ಬಾಳಿನ ತಿರುವು. ಮರುವರ್ಷ ಗುಮಾಸ್ತಗಿರಿಯನ್ನು ಬಿಟ್ಟು ನ್ಯೂಯಾರ್ಕಿಗೆ ಬಂದನು. 1870ರ ವೇಳೆಗೆ ನ್ಯೂಆರ್ಕ್ ಪಟ್ಟಣದಲ್ಲಿ ಸ್ವಂತ ಕಾರ್ಖಾನೆ ತೆರೆದಿದ್ದನು. ಕೈಯಲ್ಲಿ ಹಣ ಆಡತೊಡಗಿದೊಡನೆ ತಂದೆತಾಯಿಗಳಿಗೆ ಕಾಗದ ಬರೆದು, ಇನ್ನು ದುಡಿದು ದಣಿಯುವುದು ಬೇಡ, ತಾಯಿಗೆ ಬೇಕಾದುದನ್ನೆಲ್ಲ ಕೊಡಿಸಬೇಕೆಂದು ತಿಳಿಸಿದನು. ಆದರೆ ಕಾಲ ಮೀರಿತ್ತು. ಕೊನೆಯ ವರ್ಷಗಳಲ್ಲಿ ನ್ಯಾನ್ಸಿಯ ಚಿತ್ತಸ್ವಾಸ್ಥ್ಯ ಕೆಟ್ಟಿತ್ತು. ಮಗನ ಕದಡಿದ ತಲೆಯೆಂಬ ಮಾತನ್ನು ಸಹಿಸದ ತಾಯಿಯ ತಲೆಯೇ ಕದಡಿಹೋಯಿತು. 1871ರ ಏಪ್ರಿಲ್ 9ರಂದು ಆಕೆ ಪೋರ್ಟ್ ಹ್ಯೂರನ್‌ನಲ್ಲಿ ತೀರಿಕೊಂಡಳು. ಆಗ ಎಡಿಸನ್ನನಿಗೆ 24 ವರ್ಷ. ಧ್ವನಿಯಂತ್ರ, ದೀಪ, ಕೀರ್ತಿ ಯಾವುದನ್ನೂ ಆಕೆ ನೋಡಲಿಲ್ಲ.

ಚಾಂಚಲ್ಯದ ಹೆಸರುಗಳು

ಮುಂದಿನ ಕಥೆ ಲೋಕಕ್ಕೆ ತಿಳಿದುದೇ. 1876ರಲ್ಲಿ ಮೆನ್ಲೋ ಪಾರ್ಕಿನಲ್ಲಿ ಪ್ರಯೋಗಶಾಲೆ, 1877ರಲ್ಲಿ ಧ್ವನಿಯಂತ್ರ, 1879ರ ಅಕ್ಟೋಬರಿನಲ್ಲಿ ಇಂಗಾಲದ ಎಳೆಯ ದೀಪ, 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಿಂದ ವಿದ್ಯುತ್ತಿನ ಸರಬರಾಜು. ಮೆನ್ಲೋ ಪಾರ್ಕಿನಲ್ಲಿ ಗಂಟೆ ಬಾರಿಸುವವರಿರಲಿಲ್ಲ. ಹಗಲು ರಾತ್ರಿಗಳ ಭೇದವಿಲ್ಲದೆ, ಹತ್ತಾರು ಕೆಲಸಗಳನ್ನು ಒಟ್ಟಿಗೆ ಹಚ್ಚಿಕೊಂಡು, ಒಂದರಲ್ಲಿ ಬೇಸರ ಬಂದರೆ ಇನ್ನೊಂದಕ್ಕೆ ಹಾರಿ, ನಿದ್ದೆ ಬಂದಲ್ಲಿ ಬೆಂಚಿನ ಮೇಲೆ ಮಲಗಿ ಎಡಿಸನ್ನನು ದುಡಿದನು. ತಾಯಿಯ ನೆಲಮಾಳಿಗೆಯೇ ದೊಡ್ಡದಾಗಿ ಬೆಳೆದು ಮೆನ್ಲೋ ಪಾರ್ಕ್ ಆಯಿತೆಂದರೂ ಸಲ್ಲುತ್ತದೆ.

ಈಗಿನವರು ಇಂಥ ಬಾಲ್ಯವನ್ನು ಓದಿದಾಗ ಎಡಿಎಚ್‌ಡಿ ಎಂಬ ಹೆಸರನ್ನು ನೆನೆಯುತ್ತಾರೆ. ಗಮನವನ್ನು ಒಂದೆಡೆ ನಿಲ್ಲಿಸುವುದಕ್ಕೂ ಕೈಕಾಲುಗಳನ್ನು ಸುಮ್ಮನಿಡುವುದಕ್ಕೂ ಮನಸ್ಸಿನ ಮೊದಲ ಎಳೆತವನ್ನು ತಡೆಯುವುದಕ್ಕೂ ವಯಸ್ಸಿಗೆ ತಕ್ಕ ಹತೋಟಿ ಇಲ್ಲದಿರುವುದು ಇದರ ಲಕ್ಷಣ. ಎಡಿಸನ್ನನು ಹುಟ್ಟಿದ ದಶಕದಲ್ಲಿಯೇ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್‌ರಿಶ್ ಹಾಫ್‌ಮನ್, ಊಟದ ಮೇಜಿನಲ್ಲಿ ಚಡಪಡಿಸಿ ಮೇಜುಬಟ್ಟೆಯನ್ನೇ ಎಳೆದುಹಾಕುವ ಫಿಲಿಪ್ ಎಂಬ ಹುಡುಗನ ಚಿತ್ರಪದ್ಯವನ್ನು ಬರೆದನು. ಅದರಲ್ಲಿ ತಂದೆ ಗದರಿಸುತ್ತಾನೆ. ತಾಯಿ ಮಾತಿಲ್ಲದೆ ಮೇಜಿನ ಸುತ್ತ ನೋಡುತ್ತಾಳೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದಿದ್ದರೂ ಗಮನ ನಿಲ್ಲದ, ಶಿಕ್ಷೆಗೂ ಬಗ್ಗದ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿ, ಅದನ್ನು ನೈತಿಕ ಹತೋಟಿಯ ದೋಷವೆಂದು ಕರೆದನು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಇಂಥ ಕೆಲವು ಮಕ್ಕಳು ಉತ್ತೇಜಕ ಔಷಧದಿಂದ ಶಾಂತರಾಗಿ ಪಾಠ ಕಲಿಯುವುದನ್ನು ಕಂಡನು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1968ರಲ್ಲಿ ಇದು ಅತಿಚಲನೆಯ ತೊಂದರೆಯಾಯಿತು. 1980ರಲ್ಲಿ ಗಮನದ ಕೊರತೆಯಾಯಿತು. 1987ರಲ್ಲಿ ಈಗಿನ ಹೆಸರು ಬಂತು. ನೈತಿಕ ದೋಷವೆಂಬ ಮಾತಿನಿಂದ ಗಮನದ ಕೊರತೆಯೆಂಬ ಮಾತಿಗೆ ಬರಲು ವೈದ್ಯಲೋಕಕ್ಕೆ ಸುಮಾರು ಎಂಬತ್ತು ವರ್ಷ ಹಿಡಿಯಿತು.

ಈಗ ತಿಳಿದಿರುವುದಿಷ್ಟು: ಇದು ಬಹುಪಾಲು ಹುಟ್ಟಿನಿಂದ, ವಂಶವಾಹಿಗಳ ಮೂಲಕ ಬರುವುದು; ತಾಯಿ ಬೆಳೆಸಿದ ರೀತಿ ಇದಕ್ಕೆ ಮೂಲವಲ್ಲ. ಲೋಕದಲ್ಲಿ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಉಂಟೆಂದು ಅಂದಾಜು. ಆದರೂ ತಾಯಂದಿರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಮಗು ಪುಸ್ತಕ ಮರೆತರೆ, ಕೆಲಸ ಅರ್ಧಕ್ಕೆ ಬಿಟ್ಟರೆ ಅದು ಅದರ ಕೈಮೀರಿದ ಗುಣವೆಂದು ಒಪ್ಪುವ ತಾಯಿಯೂ, ಎದುರಾಡಿದರೆ ಮಾತ್ರ ಅದು ಬೇಕೆಂದೇ ಮಾಡಿದುದೆಂದು ಬಗೆಯುವುದುಂಟು. ಬೇಕೆಂದೇ ಮಾಡಿದನೆಂಬ ಭಾವನೆ ಬಲಿತಷ್ಟೂ ಸಿಟ್ಟು, ಶಿಕ್ಷೆ ಬಲಿಯುತ್ತವೆ. ಮಕ್ಕಳ ವಿವರಣೆಯೇ ಬೇರೆ. ಕೆಲವರು ತಮ್ಮ ಸಾಮರ್ಥ್ಯವನ್ನು ಇದ್ದುದಕ್ಕಿಂತ ಹೆಚ್ಚಾಗಿ ಹೇಳಿಕೊಂಡು ತಪ್ಪನ್ನು ಹೊರಗಿನದರ ಮೇಲೆ ಹಾಕುತ್ತಾರೆ. ಇನ್ನು ಕೆಲವರು, ಎಷ್ಟು ಬೈಸಿಕೊಂಡಿದ್ದಾರೆಂದರೆ, ತಾವೇ ಕೆಟ್ಟವರೆಂದು ನಂಬಿರುತ್ತಾರೆ. ಒಂದೇ ಘಟನೆಗೆ ತಾಯಿ ಒಂದು ಕಾರಣವನ್ನೂ ಮಗು ಇನ್ನೊಂದನ್ನೂ ಇಟ್ಟುಕೊಂಡು, ಒಬ್ಬರ ಕಾರಣವನ್ನು ಇನ್ನೊಬ್ಬರು ಕೇಳದೆ ವರ್ಷಗಳು ಕಳೆಯುವ ಮನೆಗಳು ಎಷ್ಟೋ.

ಹಾಗೆಂದು ಎಡಿಸನ್ನನಿಗೆ ಎಡಿಎಚ್‌ಡಿ ಇದ್ದಿತೆಂದು ಹೇಳಬಹುದೆ? ಹೇಳಲಾಗದು. ಸತ್ತವರನ್ನು ಪರೀಕ್ಷಿಸುವ ವೈದ್ಯನಿಲ್ಲ. ಕಿವುಡು, ಬಾಯಿಪಾಠದ ಶಾಲೆ, ಅಲೆದಾಡುವ ಸಂಸಾರ ಇವೂ ಆ ನಡತೆಗೆ ಸಾಕಷ್ಟು ಕಾರಣಗಳೇ. ಜೊತೆಗೆ, ಸುಮಾರು ಐವತ್ತು ಲಕ್ಷ ಪುಟಗಳಷ್ಟು ಕಾಗದಪತ್ರಗಳನ್ನು ಬಿಟ್ಟುಹೋದ ಅವನ ಛಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಡಿಸನ್ನನಂತೆ ತಮ್ಮ ಮಗುವೂ ಮೇಧಾವಿಯಾಗುವನೆಂದು ಹೆತ್ತವರಿಗೆ ಸಮಾಧಾನ ಹೇಳುವುದು ಇನ್ನೂ ದೊಡ್ಡ ತಪ್ಪು; ಚಂಚಲ ಮಕ್ಕಳಲ್ಲಿ ಬಹುಮಂದಿ ಎಲ್ಲರಂತೆ ಸಾಮಾನ್ಯರು, ಸಾಮಾನ್ಯರಾಗಿಯೇ ಪ್ರೀತಿಗೆ ಅರ್ಹರು. ಎಡಿಸನ್ನನ ಬಾಳು ನಮಗೆ ಹೇಳುವುದು ರೋಗದ ಹೆಸರನ್ನಲ್ಲ, ವಿವರಣೆಯ ಬೆಲೆಯನ್ನು. ಅದು ಚೆನ್ನಾಗಿ ತಿಳಿಯಬೇಕಾದರೆ ಅವನ ಮಗನ ಕಥೆಯನ್ನು ನೋಡಬೇಕು.

ತಂದೆಯಾದ ಎಡಿಸನ್

1871ರ ಕ್ರಿಸ್‌ಮಸ್ ದಿನ ಎಡಿಸನ್ನನು ಮೇರಿ ಸ್ಟಿಲ್ವೆಲ್ ಎಂಬಾಕೆಯನ್ನು ಮದುವೆಯಾದನು. ಮೊದಲು ಹುಟ್ಟಿದ ಮಗಳಿಗೂ ಮಗನಿಗೂ ತಂತಿಯ ಸಂಕೇತಗಳಾದ ಡಾಟ್, ಡ್ಯಾಷ್ ಎಂಬ ಮುದ್ದು ಹೆಸರುಗಳನ್ನಿಟ್ಟನು. ಡ್ಯಾಷ್ ಎಂದರೆ 1876ರಲ್ಲಿ ಹುಟ್ಟಿದ ಕಿರಿಯ ಥಾಮಸ್. ಹುಡುಗನಿಗೆ ಎಂಟು ವರ್ಷವಾಗಿದ್ದಾಗ, 1884ರಲ್ಲಿ, ತಾಯಿ ಮೇರಿ ತೀರಿಕೊಂಡಳು. ಎರಡು ವರ್ಷಗಳೊಳಗೆ ತಂದೆ ಮೈನಾ ಮಿಲ್ಲರ್ ಎಂಬ ಇಪ್ಪತ್ತು ವರ್ಷದ ತರುಣಿಯನ್ನು ವರಿಸಿದನು. 1890ರ ದಶಕದ ಬಹುಭಾಗ ಎಡಿಸನ್ನನು ನ್ಯೂಜೆರ್ಸಿಯ ಬೆಟ್ಟಗಳಲ್ಲಿ, ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ನಷ್ಟದ ಉದ್ಯಮದಲ್ಲಿ ಮುಳುಗಿಹೋದನು. ಮಕ್ಕಳು ವಸತಿ ಶಾಲೆಗೆ ಹೋದರು. ಕಿರಿಯ ಥಾಮಸ್‌ನಿಗೆ ಶಾಲೆ ಹಿಡಿಸಲಿಲ್ಲ. ತಂದೆಯಂತೆಯೇ ಅವನೂ ಓದು ಮುಗಿಸದೆ ಹೊರಬಂದನು. ತಂದೆಯಂತೆಯೇ ಶೋಧಕನಾಗಬೇಕೆಂಬುದು ಅವನ ಹಂಬಲ.

ಆದರೆ ಅವನ ಕೈ ಹಿಡಿದು ಯಾರೂ ಶಾಲೆಗೆ ನಡೆದುಹೋಗಲಿಲ್ಲ. ಮಗ ತಂದೆಗೆ ಬರೆದ ಒಂದು ಕಾಗದದಲ್ಲಿ ತನ್ನ ವರ್ತನೆಗೆ ತಾನೇ ಕಾರಣ ಹೇಳಿಕೊಂಡಿದ್ದಾನೆ: ತಂದೆ ಎಲ್ಲದರಲ್ಲಿಯೂ ತನಗಿಂತ ಎಷ್ಟೋ ಮೇಲಿನವನಾದುದರಿಂದ ಅವನೆದುರಿಗೆ ನಿಂತಾಗ ತಾನು ತೀರ ನಿಸ್ಸಹಾಯಕನಾಗುತ್ತಾನೆಂದೂ, ಮಾತನಾಡಬೇಕೆಂದಿದ್ದಂತೆ ಮಾತನಾಡಲು ತನ್ನಿಂದ ಎಂದಿಗೂ ಆಗದೆಂದೂ. ಇದು ಆರೆನೆಂಬ ಮಾತು. ತಂದೆ ಅದನ್ನು ಒಲ್ಲೆನೆಂಬ ಮಾತಾಗಿ ಕೇಳಿಸಿಕೊಂಡನು. ಅವನ ಕಣ್ಣಿಗೆ ಮಗ ಸೋಮಾರಿ, ನಿಷ್ಪ್ರಯೋಜಕ.

ಮಗ ತನ್ನಲ್ಲಿದ್ದ ಒಂದೇ ಬೆಲೆಯುಳ್ಳ ವಸ್ತುವನ್ನು, ಎಂದರೆ ತನ್ನ ಹೆಸರನ್ನು, ಮಾರತೊಡಗಿದನು. ವಿದ್ಯುತ್ತಿನಿಂದ ರೋಗಗಳನ್ನು ಗುಣಪಡಿಸುವುದೆಂದು ಹೇಳಿಕೊಂಡ ಮೋಸದ ಉಪಕರಣವೊಂದು ಅವನ ಹೆಸರಿನ ಕಂಪೆನಿಯಿಂದ ಮಾರಾಟಕ್ಕೆ ಬಂತು. 1904ರಲ್ಲಿ ಅಂಚೆಯ ಇಲಾಖೆ ಅದರ ವ್ಯವಹಾರವನ್ನು ವಂಚನೆಯೆಂದು ತಡೆಯಿತು. ಆ ಸಂದರ್ಭದಲ್ಲಿ ಎಡಿಸನ್ನನು, ಯೋಗ್ಯವಾದ ಯಾವ ಶೋಧವನ್ನೂ ಮಾಡುವ ಸಾಮರ್ಥ್ಯ ತನ್ನ ಮಗನಿಗಿಲ್ಲವೆಂದು ಅಧಿಕೃತವಾಗಿ ಹೇಳಿಕೆ ಕೊಟ್ಟನು. ವಾರಕ್ಕೆ 35 ಡಾಲರುಗಳ ಭತ್ಯೆಯ ಮೇಲೆ, ತನ್ನ ಹೆಸರನ್ನು ವ್ಯಾಪಾರಕ್ಕೆ ಬಳಸಬಾರದೆಂಬ ಕರಾರಿಗೆ ಮಗನನ್ನು ಒಪ್ಪಿಸಿದನು. ಕಿರಿಯ ಥಾಮಸ್ ಕೆಲಕಾಲ ಬರ್ಟನ್ ವಿಲರ್ಡ್ ಎಂಬ ಬೇರೆ ಹೆಸರಿನಲ್ಲಿ ಬದುಕಿ, ಅಣಬೆ ಬೆಳೆಯುವ ಕಸುಬು ಮಾಡಿದನು. ತಂದೆ ಸತ್ತ ನಾಲ್ಕು ವರ್ಷಕ್ಕೆ, 1935ರಲ್ಲಿ, ತೀರಿಕೊಂಡನು.

ಅರ್ಧ ಶತಮಾನದ ಹಿಂದೆ ಪಾದ್ರಿ ಎಂಗಲ್ ಒಂದು ಮಗುವಿನ ವಿಷಯದಲ್ಲಿ ಆಡಿದ ಮಾತನ್ನೇ ಆ ಮಗು ದೊಡ್ಡವನಾಗಿ ತನ್ನ ಮಗನ ವಿಷಯದಲ್ಲಿ ಲೋಕದ ಮುಂದೆ ಆಡಿತು. ಎಡಿಸನ್ನನು ಹೇಳಿದುದು ನಿಜವೇ ಇರಬಹುದು. ಮಗನಿಗೆ ಶೋಧಕನ ಪ್ರತಿಭೆ ಇರಲಿಲ್ಲವೆಂದೇ ತೋರುತ್ತದೆ. ಮೋಸವನ್ನು ತಡೆದುದೂ ನ್ಯಾಯವೇ. ಆದರೆ ನ್ಯಾನ್ಸಿಯ ಗಡಿಯಾರದ ಹಿಂದೆಯೂ ಬರಲಿತ್ತು. ತಪ್ಪಿಗೆ ಏಟು ಕೊಟ್ಟವಳು ತಪ್ಪು ಮಾಡಿದವನ ಬೆಲೆಯನ್ನು ಮಾತ್ರ ಇಳಿಸಲಿಲ್ಲ. ತಾನು ಪಡೆದುದನ್ನು ಕೊಡಲು ಎಡಿಸನ್ನನಿಗೆ ತಿಳಿಯಲಿಲ್ಲ. ತಾಯಿಯ ನಂಬಿಕೆಯಿಂದ ಬೆಳೆದವನು ಆ ನಂಬಿಕೆ ತನ್ನ ಬುದ್ಧಿಯಿಂದಲೇ ಗಳಿಸಿದ ಸೊತ್ತೆಂದು ತಿಳಿದನೋ ಏನೋ.

1931ರ ಅಕ್ಟೋಬರ್ 18ರಂದು, 84 ವರ್ಷಗಳ ತುಂಬು ಬಾಳಿನ ಕೊನೆಯಲ್ಲಿ ಎಡಿಸನ್ನನು ತೀರಿಕೊಂಡನು. ತನ್ನನ್ನು ರೂಪಿಸಿದವಳು ತಾಯಿಯೇ ಎಂದು ಅವನು ಮುಪ್ಪಿನವರೆಗೂ ಹೇಳುತ್ತಿದ್ದನು. ಆಕೆಯ ನಂಬಿಕೆಗೆ ಎರಡು ಬಗೆಯಬಾರದೆಂಬ ಹಟದಿಂದಲೇ ತಾನು ದುಡಿದೆನೆಂದು ನೆನೆಯುತ್ತಿದ್ದನು. ನ್ಯಾನ್ಸಿ ಎಡಿಸನ್ ಮಗನ ಚಾಂಚಲ್ಯಕ್ಕೆ ವೈದ್ಯರ ಹೆಸರನ್ನು ಅರಿಯಳು. ಅವನು ಜಗದ್ವಿಖ್ಯಾತನಾಗುವನೆಂದೂ ಅರಿಯಳು. ಅವನ ವಿಷಯದಲ್ಲಿ ಬೇರೆಯವರು ಕೊಟ್ಟ ಕಾರಣವನ್ನು ಒಪ್ಪದೆ, ದಿನವೂ ಅವನ ಪಕ್ಕದಲ್ಲಿ ಕುಳಿತು ನೋಡಿ, ತನ್ನದೇ ಕಾರಣವೊಂದನ್ನು ಕಂಡುಕೊಂಡಳು. ಈ ಕೆಲಸಕ್ಕೆ ಮೇಧಾವಿಯ ತಾಯಿಯೇ ಆಗಬೇಕಾಗಿಲ್ಲ. ಮನೆಯ ಯಾವ ಹಿರಿಯರೂ, ಶಾಲೆಯ ಯಾವ ಉಪಾಧ್ಯಾಯರೂ ಮಾಡಬಹುದಾದುದು ಅದು.